ಅಪ್ಪಾಜಿಗೆ ಭಜನೆ ಆಗಲಿಲ್ಲ, ಐದು ವರ್ಷದ ಮೇಲೆ ಈಗ ಮಾಡಿಸಬಹುದಾ?

ನಿಟ್ಟುವಳ್ಳಿ ಶೈಲಾ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ದಯವಿಟ್ಟು ಓದಿ.

ಬರುವ ಮೇ 14ಕ್ಕೆ ನಮ್ಮ ಅಪ್ಪಾಜಿ ಹೋಗಿ ಐದು ವರ್ಷ ತುಂಬುತ್ತದೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ. ದಾವಣಗೆರೆ ಎಪಿಎಂಸಿಯ ಒಂದು ಮಂಡಿಯಲ್ಲಿ ಗುಮಾಸ್ತರಾಗಿದ್ದರು, ಊರು ಆನಗೋಡು ಹತ್ತಿರ. ಸೋಮವಾರ ಜ್ವರ ಬಂತು, ಬುಧವಾರ ಆಸ್ಪತ್ರೆಗೆ ಸೇರಿಸಿದೆವು, ಶುಕ್ರವಾರ ಬೆಳಗ್ಗೆ ಇಲ್ಲ. ಅವತ್ತು ಬಸವ ಜಯಂತಿ. ಅಮ್ಮನಿಗೂ ಪಾಸಿಟಿವ್ ಇತ್ತು, ಮನೆಯಲ್ಲೇ ಒಂದು ಕೋಣೆಯಲ್ಲಿದ್ದರು. ಅವರು ಅಪ್ಪಾಜಿ ಮುಖ ಕೊನೆಗೆ ನೋಡಿದ್ದು ಆಟೋ ಹತ್ತುವಾಗ. ಮಣ್ಣಿಗೆ ಐದು ಜನಕ್ಕಿಂತ ಜಾಸ್ತಿ ಬರಬಾರದು ಅಂದರು. ಹೋದವರು ಮೂರೇ ಜನ, ನಮ್ಮಣ್ಣ ಮತ್ತು ಇಬ್ಬರು ಗೆಳೆಯರು. ಜೆಸಿಬಿಯಲ್ಲಿ ಗುಂಡಿ ತೆಗೆದಿದ್ದರಂತೆ. ಅಣ್ಣ ಇವತ್ತಿಗೂ ಅಲ್ಲಿ ಏನಾಯ್ತು ಅಂತ ಪೂರ್ತಿ ಹೇಳಿಲ್ಲ.

ಅಪ್ಪಾಜಿ ಊರಿನ ಭಜನೆ ತಂಡದಲ್ಲಿ ತಬಲ ನುಡಿಸುತ್ತಿದ್ದರು. ಯಾರ ಮನೆಯಲ್ಲಿ ಸಾವಾದರೂ ಸರಿ, ಯಾವ ಜಾತಿಯವರಾದರೂ ಸರಿ, ಹೆಗಲ ಮೇಲೆ ಟವೆಲ್ ಹಾಕಿಕೊಂಡು ತಬಲ ಎತ್ತಿಕೊಂಡು ಹೋಗುತ್ತಿದ್ದರು. ರಾತ್ರಿ ಪೂರ್ತಿ ನುಡಿಸಿ, ಬೆಳಗ್ಗೆ ಸ್ನಾನ ಮಾಡಿ ಮಂಡಿಗೆ ಹೋಗುತ್ತಿದ್ದರು. ಅಂಥವರಿಗೆ ಒಂದು ರಾತ್ರಿ ಭಜನೆ ಆಗಲಿಲ್ಲ. ಅಮ್ಮ ಹೇಳೋದು ಇದೊಂದೇ ಮಾತು: "ಅವರು ಎಲ್ಲರ ಮನೆಗೂ ಹೋದರು, ಅವರಿಗೆ ಯಾರೂ ಬರಲಿಲ್ಲ."

ಅಮ್ಮ ಅಪ್ಪಾಜಿ ಫೋನ್‌ಗೆ ಈಗಲೂ ರೀಚಾರ್ಜ್ ಮಾಡಿಸುತ್ತಾರೆ. ಸಂಜೆ ಒಂದು ಸಲ ರಿಂಗ್ ಕೊಡುತ್ತಾರೆ, ಪಕ್ಕದ ಕೋಣೆಯಲ್ಲಿ ಅದು ಹೊಡೆದುಕೊಳ್ಳುತ್ತದೆ. ಇನ್ನೊಂದು ವಿಷಯ ನನಗೆ ಈಚೆಗೆ ಗೊತ್ತಾಯಿತು. 2020ರಲ್ಲಿ ಬಳ್ಳಾರಿಯಲ್ಲಿ ಶವಗಳನ್ನು ಗುಂಡಿಗೆ ಎಸೆದ ವಿಡಿಯೋ ಟಿವಿಯಲ್ಲಿ ಬಂದಿತ್ತಲ್ಲ, ಅದನ್ನು ಅಮ್ಮ ನೋಡಿದ್ದರು. ಅಪ್ಪಾಜಿಯನ್ನೂ ಹಾಗೇ ಎಸೆದಿರುತ್ತಾರೆ ಅಂತ ಮನಸ್ಸಲ್ಲೇ ಇಟ್ಟುಕೊಂಡು ಕೂತಿದ್ದಾರೆ.

ನನ್ನ ಪ್ರಶ್ನೆ ಇಷ್ಟೇ. ಐದು ವರ್ಷ ಆದ ಮೇಲೆ ಊರವರನ್ನು ಕರೆದು ಭಜನೆ, ಪ್ರಸಾದ ಮಾಡಿಸಬಹುದಾ? ಜನ ಏನಂದುಕೊಳ್ಳುತ್ತಾರೆ? ಅದರಿಂದ ಅಮ್ಮನಿಗೆ ಒಳ್ಳೆಯದಾಗುತ್ತದಾ, ಇಲ್ಲ ಗಾಯ ಕೆದಕಿದಂತೆ ಆಗುತ್ತದಾ? ಹೀಗೆ ಮಾಡಿದವರು ಯಾರಾದರೂ ಇದ್ದರೆ ಹೇಳಿ.

ಹಳೇಪೇಟೆ ಮಂಜು

ಮಾಡಿಸಿ ಅಕ್ಕ. ಇದರಲ್ಲಿ ಕೇಳೋದೇನಿದೆ? ಯಾವ ಊರು ಅಂತ ಹೇಳಿ, ನಾನೂ ಬರುತ್ತೇನೆ.

ಜಗಳೂರು ಸಿದ್ದೇಶ

ನನ್ನದು ಬೇರೆ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ಐದು ವರ್ಷ ಕಡಿಮೆ ಕಾಲ ಅಲ್ಲ. ಊರು ಕರೆದರೆ ಐನೂರು ಜನ ಬರುತ್ತಾರೆ. ಅಡುಗೆ, ಶಾಮಿಯಾನ, ಪಾತ್ರೆ ಬಾಡಿಗೆ ಅಂತ ಒಂದೂವರೆ ಲಕ್ಷ ಎಲ್ಲೂ ಹೋಗುವುದಿಲ್ಲ. ನಮ್ಮ ಬೀದಿಯಲ್ಲಿ ಒಬ್ಬರು ತಂದೆಯ ವರ್ಷದ ಕಾರ್ಯಕ್ಕೆ ಕೈಸಾಲ ಮಾಡಿ ಇನ್ನೂ ಬಡ್ಡಿ ಕಟ್ಟುತ್ತಿದ್ದಾರೆ. ಅದೇ ದುಡ್ಡು ಯಾವುದಾದರೂ ಹಾಸ್ಟೆಲ್ ಮಕ್ಕಳ ಊಟಕ್ಕೆ ಕೊಡಿ. ಹೋದವರ ಹೆಸರೂ ಉಳಿಯುತ್ತದೆ. ಮನಸ್ಸನ್ನು ಮುಂದಿನ ಕೆಲಸದ ಕಡೆ ತಿರುಗಿಸಬೇಕು, ಎಷ್ಟು ದಿನ ಅಂತ ಅಳುವುದು?

ಕೋಟೆ ಊರಿನ ಸೊಸೆ

ಸಿದ್ದೇಶಣ್ಣ, ದುಡ್ಡಿನ ಮಾತು ಒಪ್ಪುತ್ತೇನೆ. "ಎಷ್ಟು ದಿನ ಅಳುವುದು" ಅನ್ನೋದನ್ನು ಮಾತ್ರ ಒಪ್ಪುವುದಿಲ್ಲ. ನಾವು ಅತ್ತೇ ಇಲ್ಲ, ಅದೇ ತೊಂದರೆ.

ನಾನು ಚಿತ್ರದುರ್ಗದವಳು. ನಮ್ಮ ಮನೆಯವರು ಹೋಗಿದ್ದು ಅದೇ ಮೇ ತಿಂಗಳಲ್ಲಿ, 41 ವರ್ಷ. ಬಾಗಿಲಿಗೆ ಪಟ್ಟಿ ಕಟ್ಟಿದ್ದರು. ಹಾಲಿನವನು ಪ್ಯಾಕೆಟ್ ಗೇಟಿನ ಮೇಲೆ ನೇತುಹಾಕಿ ಓಡುತ್ತಿದ್ದ. ಸಾವಿನ ಮನೆಯಲ್ಲಿ ಒಲೆ ಹಚ್ಚುವ ಹಾಗಿಲ್ಲ, ಅಕ್ಕಪಕ್ಕದವರೇ ಅನ್ನ ತಂದು ಬಲವಂತ ಮಾಡಿ ಉಣಿಸಬೇಕು ಅಲ್ವಾ? ನಮ್ಮ ಮನೆಗೆ ಯಾರೂ ತರಲಿಲ್ಲ. ಗಂಡ ಸತ್ತ ದಿನ ರಾತ್ರಿ ನಾನೇ ಎದ್ದು ಮಕ್ಕಳಿಗೆ ಉಪ್ಪಿಟ್ಟು ಕೆದಕಿದೆ. ಅದನ್ನು ನೆನೆಸಿಕೊಂಡರೆ ಇವತ್ತಿಗೂ ಕೈ ನಡುಗುತ್ತದೆ.

ದೊಡ್ಡ ಮಗಳು ಆ ವರ್ಷ ಎಸ್ಸೆಸ್ಸೆಲ್ಸಿ. ಪರೀಕ್ಷೆ ಎರಡೇ ದಿನ ಇತ್ತು, ಜುಲೈ 19 ಮತ್ತು 22. ಬರೆದು ಪಾಸಾದಳು. "ಎಷ್ಟು ಧೈರ್ಯದ ಹುಡುಗಿ" ಅಂದರು ಎಲ್ಲರೂ. ಅವಳು ಅಪ್ಪನ ಬಗ್ಗೆ ಮೊದಲ ಸಲ ಬಾಯಿ ಬಿಟ್ಟಿದ್ದು ಮೂರು ವರ್ಷ ಆದ ಮೇಲೆ. ಅದೂ ಒಂದು ರಾತ್ರಿ ಕರೆಂಟು ಹೋದಾಗ, ಕತ್ತಲಲ್ಲಿ.

ಶೈಲಾ, ಮಾಡಿಸಿ. ಯಾರು ಏನಾದರೂ ಅಂದುಕೊಳ್ಳಲಿ.

ಇಮ್ತಿಯಾಜ್, ದಾವಣಗೆರೆ

ಶೈಲಾ ತಂಗಿ, ನಿಮ್ಮ ಅಪ್ಪಾಜಿ ಹೋದ ದಿನವೇ ನಮಗೆ ರಂಜಾನ್ ಹಬ್ಬ. ಈದ್ಗಾಕ್ಕೆ ಹೋಗುವ ಹಾಗಿರಲಿಲ್ಲ, ಮನೆಯಲ್ಲೇ ನಮಾಜ್. ಅದಾಗಿ ಆರನೇ ದಿನ ನಮ್ಮ ಅಮ್ಮಿ ಹೋದರು. ನಮ್ಮಲ್ಲಿ ಹೆಣ್ಣುಮಕ್ಕಳೇ ಸ್ನಾನ ಮಾಡಿಸಿ ಕಫನ್ ಹೊದಿಸಬೇಕು. ಚೀಲ ತೆರೆಯಬಾರದು ಅಂದರು, ಹಾಗಾಗಿ ಅದ್ಯಾವುದೂ ಆಗಲಿಲ್ಲ. ನನ್ನ ಅಕ್ಕಂದಿರಿಗೆ ಅದೇ ಕೊರಗು. ನಮ್ಮ ಮೌಲಾನಾ ಒಂದು ಮಾತು ಹೇಳಿದರು. ಸಾಂಕ್ರಾಮಿಕದಲ್ಲಿ ಹೋದವರಿಗೆ ಶಹೀದ್ ದರ್ಜೆ ಇದೆ, ಸ್ನಾನ ಆಗಲಿಲ್ಲ ಅಂತ ಅವರಿಗೆ ಏನೂ ಕಡಿಮೆ ಆಗುವುದಿಲ್ಲ ಅಂದರು. ದೊಡ್ಡಕ್ಕ ಆವತ್ತು ಮೊದಲ ಸಲ ಜೋರಾಗಿ ಅತ್ತಳು.

ನಮ್ಮ ಮನೆಯಲ್ಲಿ ಮರುವರ್ಷ ಎಲ್ಲರನ್ನೂ ಕರೆದು ಕುರಾನ್ ಓದಿಸಿದೆವು. ನೂರು ಜನವೂ ಇರಲಿಲ್ಲ. ಬಂದವರು ಅಮ್ಮಿ ಬಗ್ಗೆ ಒಂದೊಂದು ಕಥೆ ಹೇಳಿದರು. ನಮಗೇ ಗೊತ್ತಿಲ್ಲದ ಕಥೆಗಳು. ಯಾರಿಗೋ ಹೆರಿಗೆಗೆ ಅಂತ ತಮ್ಮ ಬಳೆ ಗಿರವಿ ಇಟ್ಟಿದ್ದರಂತೆ. ತಡ ಆಯ್ತು ಅಂತ ಯೋಚಿಸಬೇಡಿ.

ಚನ್ನಗಿರಿ ಅಯ್ಯ

ಶರಣು. ನಿಮ್ಮ ಅಮ್ಮನಿಗೆ ಇನ್ನೊಂದು ಚಿಂತೆಯೂ ಇರಬೇಕು ಅನ್ನಿಸುತ್ತದೆ, ಬಾಯಿ ಬಿಟ್ಟು ಹೇಳಿರಲಿಕ್ಕಿಲ್ಲ. ನಮ್ಮ ಲಿಂಗಾಯತರಲ್ಲಿ ಕೂರಿಸಿ ಸಮಾಧಿ ಮಾಡುತ್ತೇವೆ. ಎಡಗೈಯಲ್ಲಿ ಇಷ್ಟಲಿಂಗ, ಸುತ್ತ ವಿಭೂತಿ ಗಟ್ಟಿ, ಬಿಲ್ವಪತ್ರೆ. ಆಗ ಮಲಗಿಸಿದ್ದರು, ಏನೂ ಮಾಡಲು ಬಿಡಲಿಲ್ಲ. "ನಮ್ಮವರಿಗೆ ಗತಿ ಸಿಗಲಿಲ್ಲವಾ ಅಯ್ಯನವರೇ" ಅಂತ ನನ್ನ ಹತ್ತಿರ ಅತ್ತವರಿಗೆ ಲೆಕ್ಕ ಇಲ್ಲ. ನಾನು ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಲಿಂಗ ಧರಿಸಿ ಬದುಕಿದವರು ಲಿಂಗದಲ್ಲೇ ಸೇರಿದರು. ಕೂತರಾ ಮಲಗಿದರಾ ಅನ್ನೋದು ಉಳಿದವರ ಸಂಕಟ.

ಈಗ ನೀವು ಸಮಾಧಿ ಹತ್ತಿರ ಹೋಗಿ ನೀರು, ವಿಭೂತಿ, ಪತ್ರೆ ಇಟ್ಟು ಪೂಜೆ ಮಾಡಿ. ಸಂಜೆ ಪ್ರಸಾದ, ರಾತ್ರಿ ಭಜನೆ. ಅದಕ್ಕೆ ಐದು ವರ್ಷ ಹತ್ತು ವರ್ಷ ಅಂತ ಇಲ್ಲ. ಬಸವ ಜಯಂತಿಯಂದೇ ಹೋದವರು, ಆ ದಿನವೇ ಇಟ್ಟುಕೊಂಡರೆ ಇನ್ನೂ ಚೆನ್ನ.

ಹರಿಹರ ಬಸಣ್ಣ

ಬಸವ ಜಯಂತಿ ದಿನ ಭಜನೆ ತಂಡ ಸಿಗುವುದಿಲ್ಲ ಅಯ್ಯನವರೇ, ಅವತ್ತು ಎಲ್ಲ ಊರಲ್ಲೂ ಮೆರವಣಿಗೆ. ಅದೂ ಅಲ್ಲದೆ ಶರಣರ ತತ್ವದಲ್ಲಿ ತಿಥಿ, ಸೂತಕ ಇದೆಲ್ಲ ಇಲ್ಲ. ಲಿಂಗಾಯತರು ಈಗೀಗ ಎಲ್ಲ ಶುರು ಮಾಡಿಕೊಂಡಿದ್ದಾರೆ.

ಚನ್ನಗಿರಿ ಅಯ್ಯ

ಬಸಣ್ಣ, ತಿಥಿ ಮಾಡಿ ಅಂತ ಎಲ್ಲಿ ಹೇಳಿದೆ? ಸ್ಮರಣೆ ಮಾಡಿ ಅಂದೆ. ನಾಲ್ಕು ಜನ ಕೂತು ಹೋದವರ ಹೆಸರು ಹೇಳಿ ಊಟ ಮಾಡೋದನ್ನು ಯಾವ ಶರಣರೂ ಬೇಡ ಅಂದಿಲ್ಲ.

ಹರಿಹರ ಬಸಣ್ಣ

ಅದು ಸರಿ. ಹಾಗಿದ್ದರೆ ನನ್ನ ತಕರಾರಿಲ್ಲ. ದಿನ ಮಾತ್ರ ಮೇ 14 ಇಟ್ಟುಕೊಳ್ಳಿ, ಗುರುವಾರ ಬೀಳುತ್ತದೆ.

ವಿನೋಬನಗರ ಕಿರಣ

ಶೈಲಾ ಅಕ್ಕ, ನಿಮ್ಮ ಪೋಸ್ಟ್ ಬೆಳಗ್ಗೆ ಓದಿದೆ, ಈಗ ರಾತ್ರಿ ಬರೆಯುತ್ತಿದ್ದೇನೆ. ಬಳ್ಳಾರಿ ವಿಡಿಯೋ ಅಂದಿರಲ್ಲ, ಅದಕ್ಕೇ ಬರೆಯಲೇಬೇಕು ಅನ್ನಿಸಿತು.

ಎರಡನೇ ಅಲೆಯ ಆ ಎರಡು ತಿಂಗಳು ನಾವು ಏಳು ಜನ ಹುಡುಗರು ಕೋವಿಡ್‌ನಲ್ಲಿ ಹೋದವರನ್ನು ಮಣ್ಣು ಮಾಡುವ ಕೆಲಸ ಮಾಡಿದೆವು. ಯಾವ ಸಂಘದವರೂ ಅಲ್ಲ, ಒಂದೇ ಓಣಿಯವರು. ಮೇ ತಿಂಗಳ ಬಿಸಿಲು, ಮೈ ತುಂಬ ಪಿಪಿಇ ಕಿಟ್. ಒಳಗೆ ಬೆವರು ಸುರಿದು ಗ್ಲೌಸ್ ತುಂಬಿಕೊಳ್ಳುತ್ತಿತ್ತು. ಬೇರೆ ಕಡೆಯದು ನನಗೆ ಗೊತ್ತಿಲ್ಲ, ನಾವು ಮಾಡಿದ್ದನ್ನು ಮಾತ್ರ ಹೇಳುತ್ತೇನೆ. ಒಂದನ್ನೂ ಎಸೆಯಲಿಲ್ಲ. ನಾಲ್ಕು ಕಡೆ ಹಗ್ಗ ಹಿಡಿದು ನಿಧಾನ ಇಳಿಸುತ್ತಿದ್ದೆವು. ಮನೆಯವರು ದೂರ ನಿಂತಿದ್ದರೆ ಅವರನ್ನೇ ಕೇಳುತ್ತಿದ್ದೆವು, "ಏನು ಹಾಕಬೇಕು ಹೇಳಿ, ನಾವು ಹಾಕುತ್ತೇವೆ" ಅಂತ. ಯಾರೋ ವಿಭೂತಿ ಕೊಟ್ಟರು, ಯಾರೋ ತುಳಸಿ, ಒಬ್ಬ ಅಜ್ಜಿ ಎಲೆಯಡಿಕೆ ಚೀಲ ಕೊಟ್ಟರು, "ಅವರಿಗೆ ಅದಿಲ್ಲದೆ ಆಗೋದಿಲ್ಲ ಮಗಾ" ಅಂತ. ಎಲ್ಲ ಹಾಕಿದೆವು. ಯಾರೂ ಬರದಿದ್ದ ದಿನ ನಮ್ಮಲ್ಲೊಬ್ಬ ಹೆಸರು ಕೂಗಿ ಮಣ್ಣು ಹಾಕುತ್ತಿದ್ದ. ಹೆಸರು ಗೊತ್ತಿಲ್ಲದೆ ಯಾರನ್ನೂ ಕಳಿಸಬಾರದು ಅಂತ ನಾವೇ ಮಾಡಿಕೊಂಡ ನಿಯಮ.

ನಿಮ್ಮ ಅಪ್ಪಾಜಿ ಅವರಲ್ಲಿ ಒಬ್ಬರಾ ಗೊತ್ತಿಲ್ಲ. ನಿಮ್ಮಣ್ಣ ಅಲ್ಲಿದ್ದರು, ಅವರಿಗೆ ಗೊತ್ತು. ಅಣ್ಣನನ್ನು ಕೇಳಿ. ಬಿಡಬೇಡಿ, ಕೇಳಿ. ಅವರು ಹೇಳದೆ ಇರೋದು ನಿಮಗೆ ನೋವಾಗುತ್ತದೆ ಅಂತ ಇರಬಹುದು. ಹೇಳಿದರೆ ಅವರಿಗೂ ಹಗುರ ಆಗುತ್ತದೆ. ನನಗೂ ಎರಡು ವರ್ಷ ಸರಿಯಾಗಿ ನಿದ್ದೆ ಇರಲಿಲ್ಲ. ಜೆಸಿಬಿ ಸದ್ದು ಕೇಳಿದರೆ ಬೆವರುತ್ತಿದ್ದೆ. ಮನೆಯಲ್ಲಿ ಹೇಳಿದರೆ "ಯಾರು ಹೋಗು ಅಂದಿದ್ದರು ನಿನಗೆ" ಅಂತ ಬೈಯುತ್ತಿದ್ದರು. ನಾವು ಏಳು ಜನ ಸೇರಿದಾಗ ಮಾತ್ರ ಮಾತಾಡುತ್ತೇವೆ.

ನಿಟ್ಟುವಳ್ಳಿ ಶೈಲಾ

ಕಿರಣ, ಇದನ್ನು ಅಮ್ಮನಿಗೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ "ಆ ಹುಡುಗನಿಗೆ ಮದುವೆ ಆಗಿದೆಯಾ ಕೇಳು" ಅಂದರು.

ವಿನೋಬನಗರ ಕಿರಣ

ಆಗಿದೆ ಅಂತ ಹೇಳಿ ಅಕ್ಕ. ಒಬ್ಬಳು ಮಗಳಿದ್ದಾಳೆ.

ಹಿರಿಯೂರು ಲತಾ

ಫೋನ್ ವಿಷಯಕ್ಕೆ ಬರುತ್ತೇನೆ. ರೀಚಾರ್ಜ್ ಬಿಡಿಸಬೇಡಿ ಪ್ಲೀಸ್. ನನ್ನ ತಮ್ಮನ ನಂಬರ್ ನಾವು ಹಾಗೇ ಬಿಟ್ಟೆವು. ಒಂದಷ್ಟು ತಿಂಗಳು ಬಳಸದೆ ಇದ್ದರೆ ಕಂಪನಿಯವರು ನಂಬರ್ ಬೇರೆಯವರಿಗೆ ಕೊಡುತ್ತಾರೆ. ಒಂದು ದಿನ ತಡೆಯಲಾಗದೆ ಫೋನ್ ಮಾಡಿದೆ, ಯಾರೋ ಗಂಡಸು "ಹಲೋ ಯಾರು" ಅಂದ. ಎದೆ ಒಡೆದ ಹಾಗಾಯಿತು. ಪಾಪ ಅವನದೇನೂ ತಪ್ಪಿಲ್ಲ.

ವಾಟ್ಸಾಪ್ ಇದ್ದರೆ ಇನ್ನೂ ಹುಷಾರು. 120 ದಿನ ಬಳಸದಿದ್ದರೆ ಖಾತೆಯೇ ಅಳಿಸಿಹೋಗುತ್ತದೆ. ಅಪ್ಪಾಜಿ ಕಳಿಸಿದ ವಾಯ್ಸ್ ಮೆಸೇಜ್ ಯಾರ ಫೋನಲ್ಲಿದ್ದರೂ ಇವತ್ತೇ ಬೇರೆ ಕಡೆ ಉಳಿಸಿಕೊಳ್ಳಿ. ನನ್ನ ಹತ್ತಿರ ತಮ್ಮನದು ಒಂದೇ ಇದೆ, ಒಂಬತ್ತು ಸೆಕೆಂಡ್. "ಅಕ್ಕಾ ಬರುವಾಗ ಮಂಡಕ್ಕಿ ತಗೊಂಡು ಬಾ, ಖಾರ ಜಾಸ್ತಿ ಹಾಕಿಸು." ಅಷ್ಟೇ.

ಹಳೇಪೇಟೆ ಮಂಜು

ಲತಕ್ಕ, ಇದನ್ನು ಓದಿ ಅಂಗಡಿಯಲ್ಲೇ ಕಣ್ಣೀರು ಬಂತು.

ಹೊಸದುರ್ಗ ರವಿ

ಪರಿಹಾರ ಬಂತಾ ಶೈಲಾ ಅವರೇ? 50 ಸಾವಿರ ಇತ್ತಲ್ಲ. ಮಕ್ಕಳಿದ್ದರೆ ಪಿಎಂ ಕೇರ್ಸ್‌ನಲ್ಲಿ 10 ಲಕ್ಷ, ಅಪ್ಪ ಅಮ್ಮ ಯಾರಾದರೂ ಒಬ್ಬರು ಹೋದರೂ ಕೊಡುತ್ತಾರೆ. ಕೋಟೆ ಊರಿನ ಅಕ್ಕ ಹಾಕಿದ್ದಾರಾ?

ಕೋಟೆ ಊರಿನ ಸೊಸೆ

ಇಲ್ಲ ರವಿ, ಅದು ತಪ್ಪು ಮಾಹಿತಿ. ಇದೇ ಮಾತು ನಂಬಿ ನಾನು ನಾಲ್ಕು ಸಲ ಕಚೇರಿಗೆ ಅಲೆದೆ. ಪಿಎಂ ಕೇರ್ಸ್ ಮಕ್ಕಳ ಯೋಜನೆ ಇದ್ದದ್ದು ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಮಕ್ಕಳಿಗೆ, ಇಲ್ಲ ಉಳಿದಿದ್ದ ಒಬ್ಬರೂ ಹೋಗಿದ್ದರೆ. ಒಬ್ಬರು ಬದುಕಿದ್ದರೆ ಬರುವುದಿಲ್ಲ. ಮುಖ್ಯಮಂತ್ರಿ ಬಾಲಸೇವಾ ಅಂತ ತಿಂಗಳಿಗೆ 3,500 ಕೊಡುವ ಯೋಜನೆಯೂ ಅನಾಥ ಮಕ್ಕಳಿಗೇ.

50 ಸಾವಿರ ಎಲ್ಲ ಕೋವಿಡ್ ಸಾವಿಗೂ ಇತ್ತು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ ಬಂದದ್ದು ಅದು. ಪಾಸಿಟಿವ್ ಬಂದ 30 ದಿನದ ಒಳಗೆ ಸತ್ತಿದ್ದರೆ ಮನೆಯಲ್ಲಿ ಸತ್ತರೂ ಲೆಕ್ಕ. ರಾಜ್ಯದಿಂದ ಬಿಪಿಎಲ್ ಮನೆಗೆ 1 ಲಕ್ಷ ಅಂತ ಬೇರೆ ಇತ್ತು. ಅರ್ಜಿ ಹಾಕೋಕೆ 2022ರಲ್ಲೇ ಗಡುವು ಹಾಕಿದರು.

ನನಗೆ 50 ಸಾವಿರ ಬಂತು. ಆ ದುಡ್ಡು ಖಾತೆಗೆ ಬಿದ್ದ ಮೆಸೇಜ್ ನೋಡಿ ಖುಷಿ ಪಡಬೇಕೋ ಏನು ಮಾಡಬೇಕೋ ಗೊತ್ತಾಗಲಿಲ್ಲ. ಹಾಗೇ ಫೀಸು ಕಟ್ಟಿದೆ.

ಭರಮಸಾಗರ ಪ್ರಕಾಶ

ನಮ್ಮ ದೊಡ್ಡಪ್ಪನದು ಅದೂ ಇಲ್ಲ. ಆರ್‌ಟಿಪಿಸಿಆರ್ ನೆಗೆಟಿವ್. ಸಿಟಿ ಸ್ಕ್ಯಾನ್‌ನಲ್ಲಿ ಶ್ವಾಸಕೋಶ ಪೂರ್ತಿ ಬೆಳ್ಳಗಿತ್ತು. ವಾರ್ಡಲ್ಲಿ ಕೋವಿಡ್ ಅಂತಲೇ ಮಲಗಿಸಿದರು, ಹೆಣವನ್ನೂ ಕೋವಿಡ್ ಅಂತ ಚೀಲದಲ್ಲೇ ಕಟ್ಟಿಕೊಟ್ಟರು. ಕಾಗದದಲ್ಲಿ ಮಾತ್ರ ಹೃದಯಾಘಾತ. ಮುಖ ನೋಡಲು ಬಿಡದೇ ಇರೋಕೆ ಕೋವಿಡ್, ಬರೆಯುವಾಗ ಕೋವಿಡ್ ಅಲ್ಲ. ದೊಡ್ಡಮ್ಮನಿಗೆ ದುಡ್ಡಿನ ಆಸೆ ಇರಲಿಲ್ಲ. "ಅವರು ಯಾತರಿಂದ ಸತ್ತರು ಅಂತಾದರೂ ನಿಜ ಬರೆಯಲಿ" ಅನ್ನುತ್ತಿದ್ದರು. ಅದನ್ನೇ ಹೇಳುತ್ತಾ ಹೋದರು ಅವರೂ.

ರಾಜ್ಯದ ಅಧಿಕೃತ ಲೆಕ್ಕವೇ 40 ಸಾವಿರ ದಾಟಿದೆ. ಅದರಲ್ಲಿ ನಮ್ಮ ದೊಡ್ಡಪ್ಪ ಇಲ್ಲ.

ಕಂಡಕ್ಟರ್ ಅಣ್ಣ

ನಾನು ಇಲ್ಲಿ ಬರೀ ಓದುವವನು. ಇವತ್ತು ಬರೆಯುತ್ತೇನೆ.

ನಾನು ಬಸ್ ಕಂಡಕ್ಟರ್. ಏಪ್ರಿಲ್ ಕೊನೆವರೆಗೂ ಡ್ಯೂಟಿ ಮಾಡಿದೆ. ಮೊದಲು ಕೆಮ್ಮು ಬಂದಿದ್ದು ನನಗೆ. ನಾನು ಉಳಿದೆ, ನನ್ನ ಹೆಂಡತಿ ಹೋದಳು. 45 ದಾಟಿದವರಿಗೆಲ್ಲ ಏಪ್ರಿಲ್ 1ರಿಂದ ಲಸಿಕೆ ಶುರುವಾಗಿತ್ತು. ಅವಳು ಹೋಗೋಣ ಅಂದಳು. ಯುಗಾದಿ ಮುಗಿಯಲಿ, ಹಬ್ಬದ ದಿನ ಜ್ವರ ಬಂದರೆ ಕಷ್ಟ ಅಂತ ನಾನೇ ಬೇಡ ಅಂದೆ. ಯುಗಾದಿ 13ಕ್ಕೆ ಇತ್ತು. ಆಮೇಲೆ ಹೋದರೆ ಸ್ಟಾಕ್ ಇಲ್ಲ ಅಂದರು. ರೋಗ ತಂದವನೂ ನಾನೇ, ಲಸಿಕೆ ತಪ್ಪಿಸಿದವನೂ ನಾನೇ. ಮಗ ಏನೂ ಅನ್ನುವುದಿಲ್ಲ. ಅವನು ಏನೂ ಅನ್ನದೇ ಇರೋದೇ ನನಗೆ ಕಷ್ಟ.

ಹಿರಿಯೂರು ಲತಾ

ಅಣ್ಣ, ಆವಾಗ ಯಾರಿಂದ ಯಾರಿಗೆ ಬಂತು ಅಂತ ದೇವರಿಗೂ ಹೇಳೋಕೆ ಆಗುತ್ತಿರಲಿಲ್ಲ. ಹಾಲಿನ ಪ್ಯಾಕೆಟ್ ತರೋಕೆ ಹೋದವರಿಗೂ ಬಂತು. ಅದು ಡೆಲ್ಟಾ, ಅದರಷ್ಟು ಬೇಗ ಹರಡಿದ್ದು ಅದಕ್ಕೂ ಮುಂಚೆ ಇರಲಿಲ್ಲ. ಯುಗಾದಿಗೂ ಮುಂಚೆ ಹಾಕಿಸಿದ್ದರೂ ಒಂದೇ ಡೋಸ್ ಆಗಿರುತ್ತಿತ್ತು, ಕೋವಿಶೀಲ್ಡ್ ಎರಡನೆಯದಕ್ಕೆ ಆರರಿಂದ ಎಂಟು ವಾರ ಕಾಯಬೇಕಿತ್ತು ಆಗ. ಒಂದು ಡೋಸ್‌ಗೆ ಅವರು ಉಳಿಯುತ್ತಿದ್ದರು ಅಂತ ಯಾರೂ ಹೇಳೋಕೆ ಆಗಲ್ಲ. ನೀವು ಡ್ಯೂಟಿಗೆ ಹೋಗಿದ್ದು ಮನೆ ನಡೆಸೋಕೆ.

ಜಗಳೂರು ಸಿದ್ದೇಶ

ಕಂಡಕ್ಟರಣ್ಣ, ಒಂದು ಮಾತು. ನೀವು ಬಸ್ಸಲ್ಲಿ ಕರೆದುಕೊಂಡು ಹೋದವರಲ್ಲಿ ಆಸ್ಪತ್ರೆಗೆ ಹೋಗುವವರೂ ಇದ್ದರು. ನನ್ನ ಚಿಕ್ಕಮ್ಮ ನರ್ಸ್, ಆ ದಿನಗಳಲ್ಲಿ ಬಸ್ಸಲ್ಲೇ ಓಡಾಡಿದ್ದು. ಮಗನ ಹತ್ತಿರ ನೀವೇ ಮೊದಲು ಮಾತು ತೆಗೆಯಿರಿ.

ಆಪ್ತ ಸಮಾಲೋಚಕಿ, ದಾವಣಗೆರೆ

ನಾನು ಸಮಾಲೋಚನೆ ಕೆಲಸ ಮಾಡುವವಳು. ಇಲ್ಲಿ ಕೆಲವರು ಕೇಳಿದ್ದಕ್ಕೆ ಸೇರಿಸಿ ಹೇಳುತ್ತೇನೆ.

ಶೈಲಾ, ಅಮ್ಮ ಫೋನ್‌ಗೆ ರೀಚಾರ್ಜ್ ಮಾಡಿಸುವುದು ಕಾಯಿಲೆ ಅಲ್ಲ. ಅವರ ಬಟ್ಟೆ, ಚಪ್ಪಲಿ, ಕನ್ನಡಕ ಇಟ್ಟುಕೊಳ್ಳುವುದೂ ಅಲ್ಲ. ಯಾರೂ ಬಲವಂತ ಮಾಡಿ ತೆಗೆಸಬೇಡಿ. ನಾನು ಕೇಳುವ ಪ್ರಶ್ನೆಗಳು ಬೇರೆ. ಊಟ ನಿದ್ದೆ ಹೇಗಿದೆ? ಮನೆ ಕೆಲಸ, ಮದುವೆ ಮುಂಜಿ, ಮೊಮ್ಮಕ್ಕಳು, ಇದರಲ್ಲೆಲ್ಲ ಸ್ವಲ್ಪವಾದರೂ ಮನಸ್ಸಿದೆಯಾ? ಅವರು ಇಲ್ಲ ಅನ್ನೋದನ್ನು ಒಪ್ಪಿಕೊಳ್ಳಲು ಆಗುತ್ತಿಲ್ಲವಾ? "ನಾನೂ ಹೋಗಿಬಿಡಬೇಕು" ಅನ್ನುತ್ತಾರಾ? ದಿನದ ಬದುಕೇ ನಿಂತುಹೋಗುವಷ್ಟು ದುಃಖ ಆರು ತಿಂಗಳು, ವರ್ಷ ದಾಟಿಯೂ ಹಾಗೇ ಇದ್ದರೆ ಅದಕ್ಕೆ ಈಗ ವೈದ್ಯರೂ ಒಂದು ಹೆಸರು ಕೊಟ್ಟಿದ್ದಾರೆ, ದೀರ್ಘಕಾಲದ ಶೋಕ ಅಂತ. ವಿಶ್ವ ಆರೋಗ್ಯ ಸಂಸ್ಥೆಯ ಕಾಯಿಲೆಗಳ ಪಟ್ಟಿಯಲ್ಲೂ ಇದೆ. ಅದಕ್ಕೆ ಚಿಕಿತ್ಸೆ ಇದೆ. ಹುಚ್ಚು ಅಂತ ಹೆದರುವ ವಿಷಯ ಅಲ್ಲ.

ಯಾರಿಗೆ ಅದು ಜಾಸ್ತಿ ಆಗುತ್ತದೆ ಅಂದರೆ, ಸಾವು ದಿಢೀರ್ ಆದಾಗ, ಮುಖ ನೋಡದೆ ಇದ್ದಾಗ, "ನನ್ನಿಂದ ಆಯಿತು" ಅನ್ನಿಸಿದಾಗ, ಜನ ಸೇರದೆ ಇದ್ದಾಗ. ಕೋವಿಡ್‌ನಲ್ಲಿ ಈ ನಾಲ್ಕೂ ಒಟ್ಟಿಗೆ ಬಂದವು. ಅಮೆರಿಕದಲ್ಲಿ ಲೆಕ್ಕ ಹಾಕಿದವರು ಒಂದು ಕೋವಿಡ್ ಸಾವಿಗೆ ಸುಮಾರು 9 ಹತ್ತಿರದ ಬಂಧುಗಳು ದುಃಖದಲ್ಲಿರುತ್ತಾರೆ ಅಂದರು. ನಮ್ಮ ಕಡೆ ದೊಡ್ಡಪ್ಪ, ಅತ್ತೆ, ಷಡ್ಕ, ಬೀಗರು, ಭಜನೆ ತಂಡ ಎಲ್ಲ ಸೇರಿಸಿದರೆ ಎಷ್ಟಾಗಬಹುದು ಯೋಚಿಸಿ.

ಫೋನಲ್ಲಿ ಮಾತಾಡಬೇಕು ಅನ್ನಿಸಿದರೆ 14416, ಟೆಲಿಮನಸ್. ದುಡ್ಡಿಲ್ಲ, ರಾತ್ರಿ ಹೊತ್ತೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಕಂಡಕ್ಟರಣ್ಣ, ಇದು ನಿಮಗೂ ಹೇಳಿದ್ದು. ಕಿರಣ, ನಿಮಗೂ. ಶೈಲಾ, ನಿಮ್ಮ ಪೋಸ್ಟ್‌ನಲ್ಲಿ ಅಮ್ಮ ಇದ್ದಾರೆ, ಅಣ್ಣ ಇದ್ದಾರೆ. ನೀವು ಹೇಗಿದ್ದೀರಿ ಅಂತ ಒಂದು ಸಾಲೂ ಇಲ್ಲ.

ಚಳ್ಳಕೆರೆ ಆಶಾ

ನಾನು ಆಶಾ ಕಾರ್ಯಕರ್ತೆ. ಮೇಡಂ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತಾಲೂಕು ಆಸ್ಪತ್ರೆಯಲ್ಲಿ ಮಂಗಳವಾರ ಮನಸ್ಸಿನ ಡಾಕ್ಟರ್ ಬರುತ್ತಾರೆ, ಮನೋಚೈತನ್ಯ ಅಂತ. ನಾನೇ ಕೆಲವರನ್ನು ಕರೆದುಕೊಂಡು ಹೋಗಿದ್ದೇನೆ. "ಮಂಡಿನೋವಿಗೆ ತೋರಿಸೋಣ ಬಾ ಅಜ್ಜಿ" ಅಂತ ಕರೆದೊಯ್ದಿದ್ದೂ ಇದೆ.

ನಾನು ಎರಡು ವರ್ಷ ಆಕ್ಸಿಮೀಟರ್ ಹಿಡಿದು ಮನೆ ಮನೆ ಸುತ್ತಿದೆ. ಬಾಗಿಲು ಹಾಕಿಕೊಂಡವರೂ ಇದ್ದಾರೆ. ಸತ್ತವರ ಮನೆಗೆ ಎಣಿಸೋಕೆ ಮಾತ್ರ ಹೋಗುತ್ತಿದ್ದೆವು. ಎಷ್ಟು ಜನ, ಯಾರಿಗೆ ಜ್ವರ ಅಂತ ಬರೆದುಕೊಂಡು ಮುಂದಿನ ಮನೆ. ಕೂತು ಮಾತಾಡೋಕೆ ಸಮಯ ಇರಲಿಲ್ಲ, ಹೆದರಿಕೆಯೂ ಇತ್ತು. ಒಂದು ಮನೆಯಲ್ಲಿ ಹೆಣ್ಣುಮಗಳು ನನ್ನ ಸೀರೆ ಸೆರಗು ಹಿಡಿದುಕೊಂಡಳು, ನಾನು ಬಿಡಿಸಿಕೊಂಡು ಬಂದೆ. ಈಗ ಆ ಮನೆಗೆ ತಿಂಗಳಿಗೊಮ್ಮೆ ಹೋಗಿ ಕಾಫಿ ಕುಡಿದು ಬರುತ್ತೇನೆ.

ಹೊಳಲ್ಕೆರೆ ಮಾಸ್ತರು

ಮಕ್ಕಳ ಬಗ್ಗೆ ಒಂದು ಮಾತು. ನನ್ನ ತರಗತಿಯಲ್ಲಿ ಎರಡನೇ ಕ್ಲಾಸಿನ ಹುಡುಗನೊಬ್ಬನಿಗೆ "ಅಪ್ಪ ದುಬೈಗೆ ಹೋಗಿದ್ದಾರೆ" ಅಂತ ಮನೆಯವರು ಹೇಳಿಬಿಟ್ಟಿದ್ದರು. ಶಾಲೆ ಶುರುವಾದ ಮೇಲೆ ಬೇರೆ ಹುಡುಗರು ನಿಜ ಹೇಳಿದರು. ಆವತ್ತಿನಿಂದ ಅವನು ಮನೆಯವರು ಏನು ಹೇಳಿದರೂ ನಂಬುತ್ತಿರಲಿಲ್ಲ. ಮಕ್ಕಳಿಗೆ ಚಿಕ್ಕ ಮಾತಲ್ಲಿ ನಿಜ ಹೇಳಿ. ಮತ್ತೆ ಮತ್ತೆ ಕೇಳುತ್ತಾರೆ, ಮತ್ತೆ ಮತ್ತೆ ಹೇಳಿ. ಶಾಲೆಯಲ್ಲಿ ಮನೆಯವರ ಬಗ್ಗೆ ಪ್ರಬಂಧ ಬರೆಸುವಾಗ ನಾವು ಮಾಸ್ತರರೂ ಸ್ವಲ್ಪ ನೋಡಿಕೊಂಡು ಬರೆಸಬೇಕು. ನಾನೇ ಒಂದು ಸಲ ತಪ್ಪು ಮಾಡಿದ್ದೇನೆ.

ಜಗಳೂರು ಸಿದ್ದೇಶ

ಎಲ್ಲ ಓದಿದೆ. ದುಡ್ಡಿನ ವಿಷಯದಲ್ಲಿ ನನ್ನ ಮಾತು ಈಗಲೂ ಅದೇ. ಶಾಮಿಯಾನ, ಫ್ಲೆಕ್ಸ್ ಬೇಡ. ಸಾಲ ಅಂತೂ ಬೇಡವೇ ಬೇಡ. ಆದರೆ ಜನ ಬರಲಿ, ಅದು ಬೇಕು, ಒಪ್ಪಿದೆ. ಅನ್ನ, ಸಾರು, ಒಂದು ಸಿಹಿ ಸಾಕು. ಅಕ್ಕಿ ಒಂದು ಚೀಲ ನನ್ನದು.

ನಿಟ್ಟುವಳ್ಳಿ ಶೈಲಾ

ಎಲ್ಲರಿಗೂ ಏನು ಹೇಳಬೇಕೋ ಗೊತ್ತಾಗುತ್ತಿಲ್ಲ. ಮೇಡಂ, ನೀವು ಕೇಳಿದ ಕೊನೆಯ ಪ್ರಶ್ನೆಗೆ ಉತ್ತರ ಬರೆಯಲು ಮೂರು ಸಲ ಕೂತೆ, ಆಗಲಿಲ್ಲ. 14416ಗೆ ಒಂದು ಸಲ ಫೋನ್ ಮಾಡಿದ್ದೇನೆ, ಅಷ್ಟು ಹೇಳುತ್ತೇನೆ.

ಮೇ 14ಕ್ಕೇ ಇಟ್ಟುಕೊಂಡಿದ್ದೇವೆ, ಊರಲ್ಲಿ, ನಮ್ಮ ಮನೆ ಅಂಗಳದಲ್ಲಿ. ಭಜನೆ ತಂಡದ ಹಿರಿಯರನ್ನು ಕೇಳೋಕೆ ಅಣ್ಣ ಹೋಗಿದ್ದ. ಅವರು ಅಂದರಂತೆ, "ನಾವೇ ಕೇಳಬೇಕು ಅಂತಿದ್ದೆವು, ನಿಮಗೆ ನೋವಾಗುತ್ತದೆ ಅಂತ ಸುಮ್ಮನಿದ್ದೆವು." ಐದು ವರ್ಷ ಅವರೂ ಸುಮ್ಮನೆ, ನಾವೂ ಸುಮ್ಮನೆ.

ನಿಟ್ಟುವಳ್ಳಿ ಶೈಲಾ (ಮೇ 16)

ಆಯಿತು. ಸುಮಾರು ನೂರೈವತ್ತು ಜನ. ಮಂಜು, ಕಿರಣ ಬಂದಿದ್ದರು, ಇಮ್ತಿಯಾಜಣ್ಣ ಮನೆಯವರ ಜೊತೆ ಬಂದಿದ್ದರು. ಸಿದ್ದೇಶಣ್ಣನ ಅಕ್ಕಿ ಬಂತು.

ಅಪ್ಪಾಜಿ ತಬಲ ಅಟ್ಟದ ಮೇಲಿತ್ತು, ಚರ್ಮ ಬಿರಿದಿತ್ತು. ಪೇಟೆಗೆ ಕೊಟ್ಟು ಹೊಸದಾಗಿ ಹಾಕಿಸಿದೆವು. ಅವರ ಹತ್ತಿರ ಕಲಿತ ಹುಡುಗ ನುಡಿಸಿದ. ಅಮ್ಮ ಭಜನೆ ಕೇಳಲು ಕೂತಿದ್ದು ಕಡಿಮೆ. ಬಂದವರೆಲ್ಲರಿಗೂ ಆ ಸೋಮವಾರದಿಂದ ಶುರು ಮಾಡಿ ಹೇಳುತ್ತಿದ್ದರು. ಜ್ವರ ಹೇಗೆ ಬಂತು, ಏನು ತಿಂದರು, ಆಟೋ ಹತ್ತುವಾಗ ಏನಂದರು. ಒಬ್ಬೊಬ್ಬರಿಗೂ ಮೊದಲಿಂದ. ನನಗೆ ಸಾಕು ಅನ್ನಿಸಿತ್ತು. ಅಯ್ಯನವರು ಕೈ ಸನ್ನೆ ಮಾಡಿ, ಹೇಳಲಿ ಬಿಡು ಅಂದರು.

ಎರಡು ಗಂಟೆ ರಾತ್ರಿಗೆ ಅಣ್ಣ, ಕಿರಣ ಇಬ್ಬರೂ ಹೊರಗೆ ಕಟ್ಟೆ ಮೇಲೆ ಕೂತಿದ್ದರು. ಅಣ್ಣ ಮಾತಾಡುತ್ತಿದ್ದ. ನಾನು ಹತ್ತಿರ ಹೋಗಲಿಲ್ಲ.

ನಿನ್ನೆ ಸಂಜೆ ಫೋನ್ ಮತ್ತೆ ಹೊಡೆದುಕೊಂಡಿತು. ಈ ತಿಂಗಳ ರೀಚಾರ್ಜ್ ನಾನೇ ಮಾಡಿಸಿದ್ದೇನೆ.

ಕಂಡಕ್ಟರ್ ಅಣ್ಣ

ಬರಬೇಕು ಅಂತ ಇತ್ತು ತಂಗಿ, ಡ್ಯೂಟಿಯಿಂದ ಬಿಡಲಿಲ್ಲ. ಮಗನಿಗೆ ಇದನ್ನೆಲ್ಲ ಓದೋಕೆ ಕೊಟ್ಟಿದ್ದೇನೆ.

ಚಳ್ಳಕೆರೆ ಆಶಾ

ಶೈಲಾ, ಭಜನೆ ಆದ ಮೇಲಿನ ವಾರ ಮನೆ ಖಾಲಿ ಖಾಲಿ ಅನ್ನಿಸುತ್ತದೆ. ಅಮ್ಮನನ್ನು ಒಬ್ಬರೇ ಬಿಡಬೇಡಿ. ನಂಬರ್ ನನಗೆ ಪ್ರತ್ಯೇಕ ಕಳಿಸಿ, ಭಾನುವಾರ ಮಧ್ಯಾಹ್ನ ಮಾತಾಡುತ್ತೇನೆ. ಆ ಸೋಮವಾರದ ವಿಷಯ ನನಗಿನ್ನೂ ಅವರು ಹೇಳಿಲ್ಲ.